ಹಳೇ ಕಾರಿಗೆ ಎನ್‌ಸಿ ಪೇಂಟಾ, ಪಿಯುನಾ? ತಲೆ ಕೆಟ್ಟುಹೋಗಿದೆ

ಹಳೇಗಾಡಿ:
ಅಪ್ಪ ಓಡಿಸುತ್ತಿದ್ದ 1964ರ ಕಾರು. ಟಿಂಕರಿಂಗ್ ಮುಗಿದಿದೆ. ಬಣ್ಣ ಕೆನೆ ಬಿಳಿ, ಮೆಟಾಲಿಕ್ ಅಲ್ಲ. ಬಾನೆಟ್, ಬಾಗಿಲುಗಳ ಮೇಲೆ ಹಳೇ ಪೇಂಟ್ ಇನ್ನೂ ಗಟ್ಟಿಯಾಗಿದೆ, ತುಕ್ಕು ತೆಗೆದ ಕಡೆ ಮಾತ್ರ ಬರೀ ತಗಡು. ಒಬ್ಬರು ಎನ್‌ಸಿ (ಹಳೇ ಕಾಲದ ನೈಟ್ರೋಸೆಲ್ಯುಲೋಸ್ ಪೇಂಟ್) ಹೊಡೆಸಿದರೇನೇ ಆ ಕಾಲದ ಕಳೆ ಬರೋದು ಅಂತಾರೆ, ಇನ್ನೊಬ್ಬರು ಪಿಯು (ಪಾಲಿಯುರೆಥೇನ್ ಪೇಂಟ್) ಬಿಟ್ಟು ಬೇರೇನೂ ಮುಟ್ಟಬೇಡ ಅಂತಾರೆ. ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಕೋಟ್) ಹೊಡೆದರೆ ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತೇನೋ ಅಂತ ನನ್ನ ಭಯ. ಏನು ಮಾಡಲಿ?

ತುಕ್ಕುವೈರಿ:
ಮೊದಲು ಕೆಳಗಿರೋದು ಏನು ಅಂತ ನೋಡಿ ಸರ್. ಕಾಣದ ಮೂಲೆಯಲ್ಲಿ ಎನ್‌ಸಿ ಥಿನ್ನರ್ ಅದ್ದಿದ ಬಟ್ಟೆ ಇಟ್ಟು ಒಂದೆರಡು ನಿಮಿಷ ಬಿಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ. ಸುಕ್ಕುಗಟ್ಟಿದರೆ ಎನಾಮೆಲ್ (ಆಯಿಲ್ ಪೇಂಟ್ ಜಾತಿಯದು). ಏನೂ ಆಗದಿದ್ದರೆ ಬಹುಶಃ ಯಾರೋ ಆಗಲೇ ಪಿಯು ಹೊಡೆಸಿದ್ದಾರೆ. ಎನ್‌ಸಿ ಒಣಗೋದು ಥಿನ್ನರ್ ಆರಿಹೋಗಿ ಅಷ್ಟೇ, ಅದಕ್ಕೇ ಎಷ್ಟು ವರ್ಷ ಆದರೂ ಥಿನ್ನರ್ ತಗುಲಿದರೆ ಮತ್ತೆ ಕರಗುತ್ತೆ. ಪಿಯು ಹಾಗಲ್ಲ, ಹಾರ್ಡ್ನರ್ ಜೊತೆ ಸೇರಿ ಗಟ್ಟಿಯಾಗುತ್ತೆ, ಆಮೇಲೆ ಪೆಟ್ರೋಲ್ ಚೆಲ್ಲಿದರೂ ಸುಲಭಕ್ಕೆ ಜಗ್ಗಲ್ಲ.

ಎಮೆರಿಪೇಪರ್:
ಮೇಲಿನವರು ಹೇಳಿದ್ದನ್ನ ದಯವಿಟ್ಟು ಮಾಡಿ, ನಾನು ಮಾಡದೆ ಕೆಟ್ಟೆ. ಹಳೇ ಎನಾಮೆಲ್ ಮೇಲೆ ಸೀದಾ ಎನ್‌ಸಿ ಹೊಡೆಸಿದೆ, ಅರ್ಧ ಗಂಟೆಯಲ್ಲಿ ಇಡೀ ಬಾನೆಟ್ ಹಾಲಿನ ಕೆನೆ ಥರ ಸುಕ್ಕಾಗಿ ಎದ್ದಿತು, ಕೊನೆಗೆ ಎಲ್ಲ ಕೆರೆದು ತಗಡಿನಿಂದ ಶುರು ಮಾಡಬೇಕಾಯಿತು. ಬರೀ ತಗಡಿಗೆ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯೋ ಮೊದಲ ಕೋಟ್) ಹೊಡೆಸಿ, ತಗ್ಗು ತುಂಬೋ ಪುಟ್ಟಿ ಅದರ ಮೇಲೆ. ಪುಟ್ಟಿ ತೇವ ಎಳೆಯುತ್ತೆ, ಹಾಗೇ ತೆರೆದು ತಿಂಗಳುಗಟ್ಟಲೆ ಬಿಡಬೇಡಿ.
ಇನ್ನು ಪ್ಲಾಸ್ಟಿಕ್ ಭಯ. ಸಾದಾ ಬಣ್ಣಕ್ಕೆ ಕ್ಲಿಯರ್ ಬೇಕಾಗಿಯೇ ಇಲ್ಲ ಅಲ್ವಾ! ಸಿಂಗಲ್ ಸ್ಟೇಜ್ ಪಿಯು ಅಂತ ಕೇಳಿ, ಬಣ್ಣದಲ್ಲೇ ಹೊಳಪು ಇರುತ್ತೆ. 2000 ನಂಬರ್ ವಾಟರ್ ಪೇಪರ್ ಹಾಕಿ ಉಜ್ಜಿ ಪಾಲಿಶ್ ಮಾಡಿದರೆ ಆ ಹಳೇ ಮೆದು ಹೊಳಪಿಗೆ ತುಂಬ ಹತ್ತಿರ ಬರುತ್ತೆ. ಮೆಟಾಲಿಕ್ ಆಗಿದ್ದರೆ ಕ್ಲಿಯರ್ ಹಾಕಿ ಅಂತಿದ್ದೆ.

ಗ್ಯಾರೇಜಣ್ಣ:
ಎನ್‌ಸಿಯನ್ನ ಪೂರ್ತಿ ತಳ್ಳಿಹಾಕಬೇಡಿ. ಪ್ರದರ್ಶನಕ್ಕೆ ಇಡೋ ಗಾಡಿ, ನೆರಳಲ್ಲೇ ಇರುತ್ತೆ ಅಂದರೆ ಅದರ ಚಂದವೇ ಬೇರೆ. ಆದರೆ ತೆಳ್ಳಗೆ ಕೋಟ್ ಮೇಲೆ ಕೋಟ್ ಹೊಡೀಬೇಕು, ಬಿಸಿಲಿಗೆ ಬಿರುಕು ಬಿಡುತ್ತೆ. ಓಡಿಸೋ ಗಾಡಿಗೆ ಪಿಯುನೇ ಸರಿ. ಒಂದೇ ಮಾತು, ಮನೆ ಶೆಡ್ಡಲ್ಲಿ ನೀವೇ ಹೊಡೆಯೋ ಯೋಚನೆ ಇದ್ದರೆ ಬಿಡಿ. ಪಿಯು ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಅನ್ನೋ ಅಪಾಯದ ಕೆಮಿಕಲ್ ಇರುತ್ತೆ, ವಾಸನೆಯಿಂದ ಅಂದಾಜೂ ಸಿಗಲ್ಲ, ಒಮ್ಮೆ ಮೈಗೆ ಒಗ್ಗದೆ ಹೋದರೆ ಅಸ್ತಮಾ ಗಂಟು ಬೀಳಬಹುದು. ಧೂಳಿನ ಮಾಸ್ಕ್ ಸುಮ್ನೆ ಸಮಾಧಾನಕ್ಕೆ. ಹೊರಗಿನ ಗಾಳಿ ಪೈಪಲ್ಲಿ ಬರೋ ಮಾಸ್ಕ್ ಇರೋ ಕಡೆ ಕೊಡಿ.

ಹಳೇಗಾಡಿ:
ಡಿಕ್ಕಿ ಒಳಗೆ ಥಿನ್ನರ್ ಬಟ್ಟೆ ಇಟ್ಟೆ, ಸುಕ್ಕಾಯಿತು. ಎನಾಮೆಲ್! ಹಾಗಾದರೆ ಪೂರ್ತಿ ಕೆರೆಸಿ, ಎಪಾಕ್ಸಿ, ಆಮೇಲೆ ಸಿಂಗಲ್ ಸ್ಟೇಜ್ ಪಿಯು. ಬಿಸಿಲು ಕಾಣದ ಡ್ಯಾಶ್‌ಬೋರ್ಡ್ ಕೆಳಗೆ ಮೂಲ ಬಣ್ಣ ಹಾಗೇ ಇದೆ, ಮ್ಯಾಚಿಂಗ್ ಅದಕ್ಕೇ ಮಾಡಿಸ್ತೀನಿ.