1977ರ ಮೋಟಾರ್‌ಹೋಮ್ ಕೊಳ್ಳಬೇಕು ಅಂತಿದ್ದೇವೆ, ಮೊದಲು ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ, ಸ್ಯಾಕ್ರಮೆಂಟೊ ಹತ್ತಿರ. ಇಬ್ಬರು ಮಕ್ಕಳು, ಒಂದಕ್ಕೆ 3 ವರ್ಷ, ಇನ್ನೊಂದಕ್ಕೆ 6. ಬೇಸಿಗೆಗೆ ಮೈಸೂರಿನಿಂದ ಅತ್ತೆ ಮಾವ ಬರುತ್ತಾರೆ. ಅವರಿಗೆ ಹೋಟೆಲ್ ಊಟ ಆಗಿಬರೋದಿಲ್ಲ. ಅಡುಗೆಮನೆ ಸಮೇತ ಹೊರಟುಬಿಡೋಣ ಅಂತ ನಮ್ಮನೆಯವರು 1977ರ ಜಿಎಂಸಿ ಕಂಪನಿಯ ಮೋಟಾರ್‌ಹೋಮ್, ಅಂದರೆ ಮನೆಯಂಥ ಗಾಡಿ, ನೋಡಿಟ್ಟಿದ್ದಾರೆ. 26 ಅಡಿ. ಹನ್ನೊಂದು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆಯಂತೆ. ಒಳಗೆ ಕಿತ್ತಳೆ ಬಣ್ಣದ ಸೋಫಾ! ನಾನಾಗಲೇ ಹೊಸ ಪೇಂಟ್ ಆರಿಸಿಬಿಟ್ಟಿದ್ದೇನೆ. ತೆಗೆದುಕೊಳ್ಳಬಹುದಾ?

ಉತ್ತರ: ಪೇಂಟ್ ಡಬ್ಬ ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ಗಾಡಿ ಓಡುವಾಗ ನೀವು ಆರು ಜನ ಎಲ್ಲಿ ಕೂರುತ್ತೀರಿ? ಅದು ಮೊದಲು ಹೇಳಿ.

ಗಾಡಿ ಆಯ್ಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಇದು 1973ರಿಂದ 1978ರವರೆಗೆ ಮಾತ್ರ ತಯಾರಾಯಿತು. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ಹಾಗಾಗಿ ನೆಲ ತಗ್ಗಿನಲ್ಲಿದೆ. ನಿಮ್ಮ ಅತ್ತೆ ಮಾವ ಹತ್ತಿ ಇಳಿಯೋದಕ್ಕೆ ಸುಲಭ. ಮೈಕಟ್ಟು ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್. ಆ ಕಾಲದ ಮರದ ಚೌಕಟ್ಟಿನ ಗಾಡಿಗಳ ಹಾಗೆ ಗೋಡೆ ಒಳಗೊಳಗೇ ಕೊಳೆಯೋದಿಲ್ಲ. ಆದರೆ ನೆಲ ಪ್ಲೈವುಡ್. ಕಿಟಕಿಗಳ ಕೆಳಗೆ, ಬಾತ್‌ರೂಮ್ ಸುತ್ತ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮೆತ್ತಗೆ ಇಳಿದರೆ ನೀರು ಕುಡಿದಿದೆ ಅಂತ ಅರ್ಥ.

ಹನ್ನೊಂದು ವರ್ಷ ನಿಂತ ಗಾಡಿ ಎಂದರೆ ನನಗೆ ಎದೆ ಡವಗುಟ್ಟುತ್ತದೆ. ಓಡಿದ ಗಾಡಿಯೇ ವಾಸಿ. ಪೆಟ್ರೋಲ್ ಹೋಸ್‌ಗಳನ್ನು ಎಲ್ಲಾ ಬದಲಾಯಿಸಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಅದಕ್ಕೆ ತಡೆಯೋದಿಲ್ಲ. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ ಹತ್ತಬಹುದು. ಬ್ರೇಕ್ ಆಯಿಲ್ ನೀರು ಹೀರಿರುತ್ತದೆ, ಬ್ರೇಕ್ ಸಿಲಿಂಡರ್ ಬಿಚ್ಚಿಸಿ ನೋಡಿ. ಒಲೆಯ ಗ್ಯಾಸ್ ಲೈನ್‌ಗೆ ಒತ್ತಡದ ಟೆಸ್ಟ್ ಮಾಡಿಸಿ. ಆ ಗ್ಯಾಸ್ ಪ್ರೊಪೇನ್, ಗಾಳಿಗಿಂತ ಭಾರ. ಸೋರಿದರೆ ಕೂಗುವ ಅಲಾರಂ ನೆಲದ ಹತ್ತಿರವೇ ಇರಬೇಕು.

ಇನ್ನೊಂದು, ಸ್ಮಾಗ್, ಅಂದರೆ ಗಾಡಿಯ ಹೊಗೆಯ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗೆ ಸ್ಮಾಗ್ ಟೆಸ್ಟ್ ಇಲ್ಲ. ನಿಮ್ಮದು 1977, ಬೇಕೇ ಬೇಕು. ಆ ಸರ್ಟಿಫಿಕೇಟ್ ಕೊಡುವುದು ಮಾರುವವರ ಕೆಲಸ. "ಆಮೇಲೆ ನೋಡೋಣ" ಅಂದರೆ ದುಡ್ಡು ಕೊಡಬೇಡಿ.

ನ್ಯೂಜೆರ್ಸಿಯಿಂದ ಇನ್ನೊಬ್ಬ ಸದಸ್ಯರು: ಟೈರ್ ಮಾತು ಬಿಟ್ಟಿರಿ ಸರ್! ನಮ್ಮ ಹಳೆಯ ಗಾಡಿಯದು ಪಳಪಳ ಹೊಳೆಯುತ್ತಿತ್ತು, ಗ್ರಿಪ್ ಪೂರ್ತಿ ಇತ್ತು. ಹೈವೇಯಲ್ಲಿ ಢಂ ಅಂತು, ಚಕ್ರದ ಮೇಲಿನ ತಗಡು ಹರಿದು ಬಾತ್‌ರೂಮ್ ಪೈಪೂ ಹೋಯಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

ಉತ್ತರ: ನೆನಪಿಸಿದ್ದು ಒಳ್ಳೆಯದಾಯಿತು. ಟೈರ್ ನೋಡೋದಕ್ಕೆ ಚೆನ್ನಾಗಿದ್ದರೆ ಸಾಲದು, ವಯಸ್ಸು ನೋಡಬೇಕು. ಟೈರ್ ಪಕ್ಕದಲ್ಲಿ DOT (ಡಾಟ್) ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2314 ಅಂದರೆ 2014ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ಓಡಿಸಿಕೊಂಡು ಮನೆಗೂ ತರಬೇಡಿ. ಈ ಗಾಡಿಗೆ ಆರು ಟೈರ್ ಬೇಕು. ಮೂಲ ಚಕ್ರ ಹದಿನಾರೂವರೆ ಇಂಚಿನದು, ಆ ಅಳತೆಯ ಟೈರ್ ಈಗ ಸಿಗೋದು ಕಷ್ಟ. ಹೆಚ್ಚಿನವರು 16 ಇಂಚಿನ ಚಕ್ರಕ್ಕೇ ಬದಲಾಗುತ್ತಾರೆ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರಶ್ನೆ: ಆ ಸೋಫಾಗೇ ಬೆಲ್ಟ್ ಹಾಕಿಸಿ ಮಕ್ಕಳ ಕಾರ್ ಸೀಟ್ ಇಟ್ಟರೆ ಆಗಲ್ವಾ ಸರ್?

ಉತ್ತರ: ಆಗೋದಿಲ್ಲ. ಸೋಫಾ ಇರೋದು ಅಡ್ಡಕ್ಕೆ. ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿದ ಆಸನದ ಮೇಲೇ ಕಟ್ಟಬೇಕು. ಪ್ಲೈವುಡ್ಡಿಗೆ ಬೋಲ್ಟ್ ಹೊಡೆದ ಬೆಲ್ಟ್ ಇದ್ದೂ ಇಲ್ಲದ ಹಾಗೆ, ಜೋರಾಗಿ ಗುದ್ದಿದರೆ ಹಲಗೆ ಸಮೇತ ಕಿತ್ತು ಬರುತ್ತದೆ. ಕಬ್ಬಿಣದ ಫ್ರೇಮ್ ಇರುವ ಸೀಟನ್ನು ಕೆಳಗಿನ ಚಾಸಿಗೇ ಬೋಲ್ಟ್ ಮಾಡಿಸಬೇಕು, ಅದೂ ಆ ಕೆಲಸ ಬಲ್ಲವರ ಕೈಯಲ್ಲಿ. ನಿಮ್ಮ ಬಜೆಟ್‌ನಲ್ಲಿ ಮೊದಲ ಖರ್ಚು ಇದೇ ಆಗಲಿ. ಅಷ್ಟು ಆಗದಿದ್ದರೆ ಒಬ್ಬರು ಮೋಟಾರ್‌ಹೋಮ್ ಓಡಿಸಿ, ಇನ್ನೊಬ್ಬರು ಮಕ್ಕಳ ಜೊತೆ ಕಾರಿನಲ್ಲಿ ಹಿಂದೆ ಬನ್ನಿ. ನನ್ನ ಹತ್ತಿರ ಬರುವ ಎಷ್ಟೋ ಮನೆಯವರು ಹಾಗೇ ಮಾಡುತ್ತಾರೆ, ಊರು ಸುತ್ತೋದಕ್ಕೂ ಕಾರು ಬೇಕಲ್ವಾ?

ಪ್ರಶ್ನೆ: ಸರಿ ಸರ್, ಸೀಟು ಮೊದಲು, ಪೇಂಟ್ ಕೊನೆಗೆ. ಅತ್ತೆ ಊರಿನಿಂದ ಮಿಕ್ಸಿ ತರುತ್ತಾರಂತೆ. ಅದು ಗಾಡಿಯಲ್ಲಿ ಓಡುತ್ತದಾ?

ಉತ್ತರ: ಅದು 230 ವೋಲ್ಟ್‌ನದು, ಗಾಡಿಯಲ್ಲಿರೋದು 120. ಸುಮ್ನೆ ಹೊತ್ತು ತರೋದು ಬೇಡ ಅನ್ನಿ, ಇಲ್ಲಿಯದೇ ಒಂದು ಕೊಳ್ಳಿ. ಕ್ಯಾಂಪಿನ ಕರೆಂಟ್ ಇದ್ದಾಗ ಇಲ್ಲವೇ ಜನರೇಟರ್ ಹಾಕಿದಾಗ ಓಡುತ್ತದೆ. ಚಟ್ನಿ ಮಾತ್ರ ರಾತ್ರಿಯೊಳಗೇ ರುಬ್ಬಿಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಜನರೇಟರ್ ಹಾಕಿದರೆ ಕ್ಯಾಂಪಿನವರೆಲ್ಲ ಜಗಳಕ್ಕೆ ಬರುತ್ತಾರೆ.