ಅಸ್ಥಿಮಜ್ಜೆ ಕಸಿಗೆ ಮೊದಲು ಎಂ.ಆರ್.ಡಿ. ಶೇ. 0.03 ಬಂದಿದೆ, ಕಾಯಬೇಕೆ? ಅನುಭವ ಇರುವವರು ತಿಳಿಸಿ

ಶಿವಮೊಗ್ಗದ ತಂದೆ:
ನಮ್ಮ ಮಗನಿಗೆ ಏಳು ವರ್ಷ. ನಾಲ್ಕನೆಯ ವಯಸ್ಸಿನಲ್ಲಿ ಎ.ಎಲ್.ಎಲ್. ರಕ್ತ ಕ್ಯಾನ್ಸರ್ ಬಂದಿತ್ತು, ಈ ವರ್ಷ ಮರುಕಳಿಸಿತು. ಕೀಮೋ ಒಂದು ಸುತ್ತು ಮುಗಿದಿದೆ. ಅವನ ಅಕ್ಕನ ಅಸ್ಥಿಮಜ್ಜೆ ಪೂರ್ತಿ ಹೊಂದಿಕೆಯಾಗಿದೆ. ಮೈಕ್ರೋಸ್ಕೋಪಿನಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ, ಆದರೆ ಎಂ.ಆರ್.ಡಿ. (ಮೈಕ್ರೋಸ್ಕೋಪಿಗೆ ಕಾಣದೆ ಉಳಿದ ಕ್ಯಾನ್ಸರ್ ಕೋಶಗಳನ್ನು ಅಳೆಯುವ ಪರೀಕ್ಷೆ) ವರದಿಯಲ್ಲಿ ಶೇ. 0.03 ಎಂದಿದೆ. ಕಸಿಯನ್ನು ಮುಂದೂಡಿ ಮೊದಲು ಬ್ಲಿನಾಟುಮೊಮ್ಯಾಬ್ ಎಂಬ ಔಷಧಿ ಕೊಡೋಣ ಎನ್ನುತ್ತಾರೆ ಡಾಕ್ಟರು. ದಾನಿ ಮನೆಯಲ್ಲೇ ಇರುವಾಗ ಒಂದು ದಿನವೂ ತಡಮಾಡಬೇಡಿ ಎನ್ನುತ್ತಾರೆ ನಮ್ಮ ತಂದೆಯವರು. ಯಾರಿಗಾದರೂ ಹೀಗಾಗಿತ್ತೆ?

ದಾವಣಗೆರೆಯ ತಾಯಿ:
ಅಣ್ಣಾ, ನಮ್ಮ ಮಗಳಿಗೆ ಹೀಗೇ ಆಗಿತ್ತು. ನಮ್ಮದು ಶೇ. 0.2 ಇತ್ತು, ನಿಮಗಿಂತ ಹೆಚ್ಚು. ನಾವು ಕಾದೆವು. ಕಸಿಯಾಗಿ ಈಗ ಮೂರು ವರ್ಷ, ಶಾಲೆಗೆ ಹೋಗುತ್ತಿದ್ದಾಳೆ.

ನಮ್ಮ ಅತ್ತೆಯವರೂ ನಿಮ್ಮ ತಂದೆಯವರಂತೆಯೇ ಹಟ ಹಿಡಿದಿದ್ದರು. ಅವರಿಗೆ ನಾನು ಮೊರದಲ್ಲಿ ರಾಗಿ ಹರಡಿ ತೋರಿಸಿದೆ. ಇಪ್ಪತ್ತು ಕಾಳಿಗೆ ಒಂದು ಸಾಸಿವೆ ಬೆರೆತಿದ್ದರೆ ಕಣ್ಣಿಗೆ ಬೀಳುತ್ತದೆ. ಮೈಕ್ರೋಸ್ಕೋಪಿನ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಹತ್ತು ಸಾವಿರ ಕಾಳಿಗೆ ಮೂರು ಸಾಸಿವೆ ಇದ್ದರೆ ಯಾರಿಗೆ ಕಂಡೀತು? ನಿಮ್ಮ 0.03 ಎಂದರೆ ಅದೇ ಲೆಕ್ಕ, ಹತ್ತು ಸಾವಿರ ಕೋಶಕ್ಕೆ ಮೂರು. ಹೀಗೆ ಹೇಳಿದ ಮೇಲೆ ಅವರು ಮತ್ತೆ ಅವಸರಪಡಿಸಲಿಲ್ಲ.

ಆ ಮೂರಕ್ಕೆ ಇಷ್ಟು ಮಹತ್ವ ಏಕೆ ಎಂದು ನಾನು ಡಾಕ್ಟರನ್ನು ಬಿಡದೆ ಕೇಳಿದ್ದೆ. 1998ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 64 ಮಕ್ಕಳ ಮೇಲೆ ಮಾಡಿದ ಅಧ್ಯಯನವನ್ನು ಅವರು ತೋರಿಸಿದರು. ಕಸಿಗೆ ಮುನ್ನ ಏನೂ ಉಳಿದಿರದ ಮಕ್ಕಳಲ್ಲಿ ಎರಡು ವರ್ಷದ ನಂತರ ಶೇ. 73ರಷ್ಟು ಮಂದಿ ರೋಗ ಮರಳದೆ ಬದುಕಿದ್ದರು. ಸ್ವಲ್ಪ ಉಳಿದಿದ್ದವರಲ್ಲಿ ಶೇ. 36, ಹೆಚ್ಚು ಉಳಿದಿದ್ದವರಲ್ಲಿ ಒಬ್ಬರೂ ಇಲ್ಲ. ಆಗ ಬ್ಲಿನಾಟುಮೊಮ್ಯಾಬ್ ಇರಲಿಲ್ಲ, ಹಾಗಾಗಿ ಆ ಅಂಕಿಗೆ ಹೆದರಬೇಡಿ. 2021ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಮೊದಲ ಬಾರಿ ಮರುಕಳಿಸಿದ ಮಕ್ಕಳು, ಹದಿಹರೆಯದವರು ಮತ್ತು ಯುವಜನರಲ್ಲಿ ಈ ಔಷಧಿಯ ಒಂದು ಸುತ್ತಿನ ನಂತರ ನೂರಕ್ಕೆ 75 ಮಂದಿಯಲ್ಲಿ ಎಂ.ಆರ್.ಡಿ. ಕಾಣದಂತಾಯಿತು, ಬರೀ ಕೀಮೋ ಪಡೆದವರಲ್ಲಿ 32. ಅಡ್ಡ ಪರಿಣಾಮವೂ ಕೀಮೋಗಿಂತ ಕಡಿಮೆ.

ಒಂದು ಸುತ್ತೆಂದರೆ 28 ದಿನ, ಹಗಲು ರಾತ್ರಿ ಬಿಡದೆ ಪಂಪಿನಿಂದ ಹನಿಹನಿಯಾಗಿ ಹೋಗುತ್ತದೆ. ಮೊದಲ ದಿನಗಳಲ್ಲಿ ಜ್ವರ ಬಂದರೆ ಗಾಬರಿಯಾಗಬೇಡಿ, ಆದರೆ ಮಾತು ತೊದಲಿದರೆ, ಕೈ ನಡುಗಿದರೆ ತಕ್ಷಣ ನರ್ಸಿಗೆ ಹೇಳಿ. ಬೆಲೆ ತುಂಬಾ ದುಬಾರಿ. ಪ್ರಧಾನಿಯವರ ಮತ್ತು ಮುಖ್ಯಮಂತ್ರಿಯವರ ಪರಿಹಾರ ನಿಧಿಗೆ ಇಂದೇ ಅರ್ಜಿ ಹಾಕಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಕಾಗದಪತ್ರಕ್ಕೆ ನೆರವಾಗುತ್ತಾರೆ.

ಬೆಂಗಳೂರಿನಿಂದ, ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಒಂದೊಂದಾಗಿ ಎಣಿಸಿ ಗುರುತಿಸುವ ಪರೀಕ್ಷೆ) ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು:
ಸರ್, ಚಿಕಿತ್ಸೆಯ ಮಾತು ಡಾಕ್ಟರದು. ನಾನು ಎಂ.ಆರ್.ಡಿ.ಗೆ ತೆಗೆಯುವ ಮಜ್ಜೆಯ ಮಾದರಿಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅಲ್ಲಿ ಆಗುವ ತಪ್ಪನ್ನು ನಾನು ಮತ್ತೆ ಮತ್ತೆ ನೋಡಿ ನೊಂದಿದ್ದೇನೆ.

ಸೊಂಟದ ಮೂಳೆಗೆ ಸೂಜಿ ಹಾಕಿ ಮೊದಲು ಎಳೆಯುವ ಒಂದೆರಡು ಮಿಲಿಲೀಟರಿನಲ್ಲಿ ಮಜ್ಜೆ ಗಟ್ಟಿಯಾಗಿರುತ್ತದೆ. ಆಮೇಲೆ ಎಳೆದಷ್ಟೂ ರಕ್ತ ಬೆರೆತು ತೆಳುವಾಗುತ್ತದೆ. ಆ ಮೊದಲ ಭಾಗ ಬೇರೆ ಪರೀಕ್ಷೆಗೆ ಹೋಗಿ, ಕೊನೆಯದು ಎಂ.ಆರ್.ಡಿ.ಗೆ ಬಂದರೆ ನಿಜವಾಗಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಮೊದಲು ಎಳೆದದ್ದು ಎಂ.ಆರ್.ಡಿ.ಗೇ ಹೋಗಲಿ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ವರದಿ ಬಂದಾಗ ‘ನೆಗೆಟಿವ್’ ಎಂಬ ಒಂದು ಪದಕ್ಕೇ ನಿಲ್ಲಬೇಡಿ. ಎಷ್ಟು ಕೋಶ ಎಣಿಸಿದರು ಎಂದು ನೋಡಿ. ಹತ್ತು ಲಕ್ಷ ಎಣಿಸಿದ್ದರೆ ಶೇ. 0.01 ಎಂದರೆ ನೂರು ಕೋಶ, ಗುಂಪಾಗಿ ಸ್ಪಷ್ಟವಾಗಿ ಕಾಣುತ್ತದೆ. ಐವತ್ತು ಸಾವಿರ ಮಾತ್ರ ಎಣಿಸಿದ್ದರೆ ಅದೇ 0.01 ಐದೇ ಕೋಶ. ಆ ‘ನೆಗೆಟಿವ್’ ಬೇರೆ, ಈ ‘ನೆಗೆಟಿವ್’ ಬೇರೆ.

ಇನ್ನೂ ಎರಡು ವಿಷಯ. ಮಗುವಿಗೆ ಮೊಟ್ಟಮೊದಲು ರೋಗ ಪತ್ತೆಯಾದಾಗಿನ ಮತ್ತು ಮರುಕಳಿಸಿದಾಗಿನ ಫ್ಲೋ ವರದಿಗಳನ್ನು ಹುಡುಕಿ ತಂದು ಕೊಡಿ. ಆ ಕೋಶಗಳ ಗುರುತು ಗೊತ್ತಿದ್ದರೆ ನಮಗೆ ಹುಡುಕುವುದು ಸುಲಭ. ಬ್ಲಿನಾಟುಮೊಮ್ಯಾಬ್ ಆದ ಮೇಲೆ ಮಾದರಿ ಕಳಿಸುವಾಗ ಚೀಟಿಯಲ್ಲಿ ಅದನ್ನು ಬರೆಸಿ. ಆ ಔಷಧಿ ಕೋಶದ ಮೇಲಿರುವ ಸಿ.ಡಿ.19 ಎಂಬ ಗುರುತನ್ನು ಹಿಡಿದು ಕೊಲ್ಲುತ್ತದೆ. ಅದನ್ನು ಕಳಚಿಕೊಂಡು ಉಳಿದ ಕೋಶವನ್ನು ನಾವು ಬೇರೆ ದಾರಿಯಲ್ಲಿ ಹುಡುಕಬೇಕು. ಹೇಳದಿದ್ದರೆ ತಪ್ಪಿಹೋಗಬಹುದು.

ಹುಬ್ಬಳ್ಳಿಯ ತಂದೆ:
ನಮ್ಮದು ಬೇರೆ ಕಾಯಿಲೆ, ನ್ಯೂರೋಬ್ಲಾಸ್ಟೋಮಾ ಎಂಬ ನರಕೋಶದ ಗಡ್ಡೆ. ಅದರಲ್ಲಿ ರಕ್ತ ಹುಟ್ಟಿಸುವ ಮಗುವಿನ ಸ್ವಂತ ಕಾಂಡಕೋಶವನ್ನೇ ತೆಗೆದು ಚೀಲದಲ್ಲಿಟ್ಟು ಹಿಂದಕ್ಕೆ ಕೊಡುತ್ತಾರೆ. ಆ ಚೀಲದಲ್ಲೇ ಕ್ಯಾನ್ಸರ್ ಇದ್ದರೆ ಎಂದು ನಾನು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದಿದ್ದೇನೆ. ಭಯಕ್ಕೆ ಕಾರಣವೂ ಇತ್ತು: 1990ರ ದಶಕದಲ್ಲಿ ಅಮೆರಿಕದಲ್ಲಿ, ಹಿಂದಕ್ಕೆ ಕೊಡುವ ಮಜ್ಜೆಗೆ ಜೀನ್ ಗುರುತು ಹಾಕಿ ನೋಡಿದಾಗ, ಮರಳಿದ ಗಡ್ಡೆಯಲ್ಲಿ ಆ ಗುರುತು ಸಿಕ್ಕಿತ್ತು. ಆದರೆ ಮುಂದೆ 495 ಮಕ್ಕಳಿದ್ದ ಅಧ್ಯಯನದಲ್ಲಿ ಚೀಲವನ್ನು ಶುದ್ಧಮಾಡಿ ಕೊಟ್ಟರೂ ಮಾಡದೆ ಕೊಟ್ಟರೂ ಫಲಿತಾಂಶ ಒಂದೇ ಬಂದಿತು. ಆ ವರದಿ ಪ್ರಕಟವಾದದ್ದು 2013ರಲ್ಲಿ. ಚೀಲದಲ್ಲಿರುವುದಕ್ಕಿಂತ ದೇಹದಲ್ಲಿ ಉಳಿದ ಕ್ಯಾನ್ಸರೇ ದೊಡ್ಡ ಅಪಾಯ ಎಂದು ನಮ್ಮ ಡಾಕ್ಟರು ವಿವರಿಸಿದರು. ನಿಮ್ಮ ಮಗನಿಗೆ ಬರುವುದು ಆರೋಗ್ಯವಂತ ಅಕ್ಕನ ಮಜ್ಜೆ, ಆ ಚಿಂತೆ ನಿಮಗಿಲ್ಲ. ಆದರೆ ಕಸಿಗೆ ಮೊದಲು ದೇಹವನ್ನು ಆದಷ್ಟು ಶುದ್ಧಮಾಡಬೇಕೆಂಬುದು ನಿಮಗೂ ಅಷ್ಟೇ ನಿಜ.

ಪುಣೆಯಿಂದ ಒಬ್ಬ ತಾಯಿ:
ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಮಗನಿಗೆ ಕಸಿಗೆ ಮುನ್ನ ನೆಗೆಟಿವ್ ಇತ್ತು. ಎಂಟು ತಿಂಗಳ ನಂತರ ಮರಳಿತು. ಅವನು ಈಗ ಇಲ್ಲ.

ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಕಸಿಯ ನಂತರದ ಪರೀಕ್ಷೆಗಳನ್ನು ದಯವಿಟ್ಟು ತಪ್ಪಿಸಬೇಡಿ. ಊರು ದೂರ, ಮಗು ಚೆನ್ನಾಗಿ ಓಡಾಡಿಕೊಂಡಿದ್ದಾನೆ ಎಂದು ನಾವು ಒಂದನ್ನು ಮುಂದಕ್ಕೆ ಹಾಕಿದೆವು. ಬೇಗ ಸಿಕ್ಕರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯನ್ನು ಇಳಿಸಿ, ದಾನಿಯ ಬಿಳಿರಕ್ತಕಣಗಳನ್ನು ಕೊಟ್ಟು ಪ್ರಯತ್ನಿಸುವ ಅವಕಾಶವಾದರೂ ಇರುತ್ತದೆ. ದಾನಿಯ ಕೋಶ ನೂರಕ್ಕೆ ನೂರು ಎಂದು ಖೈಮೆರಿಸಂ ವರದಿ ಬಂದರೂ ಎಂ.ಆರ್.ಡಿ. ಮಾಡಿಸಿ. ಸಾಮಾನ್ಯವಾಗಿ ಮಾಡುವ ಖೈಮೆರಿಸಂ ಪರೀಕ್ಷೆಗೆ ಮಗುವಿನ ಹಳೆಯ ಕೋಶ ನೂರರಲ್ಲಿ ಒಂದಕ್ಕಿಂತ ಕಡಿಮೆ ಉಳಿದಿದ್ದರೆ ಕಾಣುವುದಿಲ್ಲ.

ಮತ್ತೆ ಆ ಅಕ್ಕನ ಜೊತೆ ಈಗಲೇ ಕುಳಿತು ಮಾತನಾಡಿ. ನಮ್ಮ ಮಗಳೇ ದಾನಿಯಾಗಿದ್ದಳು. ನನ್ನ ರಕ್ತ ಚೆನ್ನಾಗಿರಲಿಲ್ಲವೇ ಅಮ್ಮಾ ಎಂದು ಅವಳು ಇಂದಿಗೂ ಕೇಳುತ್ತಾಳೆ.

ಬೆಂಗಳೂರಿನಿಂದ, ಪ್ರಯೋಗಾಲಯದವಳು:
ಮೇಡಂ, ನೀವು ಬರೆದದ್ದು ಎಷ್ಟೋ ಮನೆಗಳಿಗೆ ನೆರವಾಗುತ್ತದೆ. ಒಂದು ಮಾತು ಸೇರಿಸುತ್ತೇನೆ: ಕಸಿಯ ನಂತರ ಹೊಸ ಮಜ್ಜೆ ಬೆಳೆಯುವಾಗ ಹುಟ್ಟುವ ಎಳೆಯ ಬಿ ಕೋಶಗಳು (ಒಂದು ಬಗೆಯ ಬಿಳಿರಕ್ತಕಣ) ನೋಡಲು ಲ್ಯುಕೇಮಿಯಾ ಕೋಶಗಳಂತೆಯೇ ಇರುತ್ತವೆ. ವರದಿಯಲ್ಲಿ ‘ಹಿಮ್ಯಾಟೊಗೋನ್’ ಎಂದು ಇದ್ದರೆ ಅದು ಕ್ಯಾನ್ಸರ್ ಅಲ್ಲ. ಅನುಮಾನವಿದ್ದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಲು ಹೇಳುತ್ತೇವೆ.

ಶಿವಮೊಗ್ಗದ ತಂದೆ:
ಪುಣೆಯ ಅಮ್ಮಾ, ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಕೈಮುಗಿಯುತ್ತೇನೆ. ನಾವು ಕಾಯುತ್ತೇವೆ. ಸೋಮವಾರ ಪಂಪು ಹಾಕುತ್ತಾರೆ. ಹಳೆಯ ಫ್ಲೋ ವರದಿಗಳಲ್ಲಿ ಒಂದು ಮನೆಯಲ್ಲಿದೆ, ಇನ್ನೊಂದನ್ನು ತರಲು ತಮ್ಮ ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತಾನೆ. ಮಗಳ ಜೊತೆ ಇಂದು ರಾತ್ರಿ ಊಟವಾದ ಮೇಲೆ ಮಾತನಾಡುತ್ತೇನೆ.