ಯೆಜ್ಡಿ ರೋಡ್‌ಕಿಂಗ್: ಪ್ಲಗ್ ಪಕ್ಕ ಹೆಡ್ ಬಿರುಕು ಬಿಟ್ಟಿದೆ, ವೆಲ್ಡಿಂಗ್ ನಿಲ್ಲುತ್ತಾ?

ಪ್ರಶ್ನೆ: ನಮಸ್ಕಾರ. ನನ್ನದು 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್. ಇಂಜಿನ್ ಬಿಸಿಯಾದ ಮೇಲೆ ಪ್ಲಗ್ ಬುಡದಲ್ಲಿ ಚುಸ್ ಚುಸ್ ಅಂತ ಸದ್ದು, ಏರಿನಲ್ಲಿ ಎಳೆಯೋದೇ ಇಲ್ಲ. ಹೊಸ ಪ್ಲಗ್, ಹೊಸ ವಾಷರ್ ಹಾಕಿದರೂ ಅದೇ ಕಥೆ. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿ ಕಾರ್ಬನ್ ಕೆರೆದರೆ ಪ್ಲಗ್ ತೂತಿನಿಂದ ಹೊರಟ ಕೂದಲೆಳೆಯಂಥ ಗೆರೆ ಕಾಣಿಸ್ತಿದೆ. ಎಪಾಕ್ಸಿ ಮೆತ್ತಿದರೆ ಸಾಕು ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. ಗಾಡಿ ಮೈಸೂರಿನ ಫ್ಯಾಕ್ಟರಿಯಿಂದ ಬಂದಾಗಿನ ಹೆಡ್ ಇದು, ಬಿಸಾಡೋಕೆ ಮನಸ್ಸಿಲ್ಲ.

ಉತ್ತರ: ಎಪಾಕ್ಸಿ ಖಂಡಿತ ಬೇಡ ಸರ್. ಉರಿ ನೇರವಾಗಿ ತಾಗೋ ಜಾಗ, ಅಲ್ಲಿ ಯಾವ ಅಂಟೂ ನಿಲ್ಲಲ್ಲ. ಬಿರುಕಿನೊಳಗೆ ಉಳಿದ ಅಂಟು ಮುಂದೆ ವೆಲ್ಡಿಂಗ್ ಮಾಡಿಸುವಾಗ ಸುಟ್ಟು ಗುಳ್ಳೆ ಎಬ್ಬಿಸುತ್ತೆ.

ಮೊದಲು ಬಿರುಕು ಎಲ್ಲಿವರೆಗೆ ಓಡಿದೆ ನೋಡಿ. ಹೆಡ್ ಚೆನ್ನಾಗಿ ತೊಳೆದು ಒಣಗಿಸಿ, ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಪೂರ್ತಿ ಒರೆಸಿ ಚಾಕ್‌ಪೀಸ್ ಪುಡಿ ಉದುರಿಸಿ. ಬಿರುಕಿನಲ್ಲಿ ಇಳಿದಿದ್ದ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಳೆಯುತ್ತೆ. ಕಣ್ಣಿಗೆ ಕಂಡದ್ದಕ್ಕಿಂತ ಗೆರೆ ಉದ್ದ ಇರೋದೇ ಹೆಚ್ಚು. ಆ ಗೆರೆ, ಹೆಡ್ ಬ್ಯಾರಲ್ (ಸಿಲಿಂಡರ್) ಮೇಲೆ ಕೂರುವ ಅಂಚಿನವರೆಗೂ ಹೋಗಿದ್ದರೆ ನನ್ನ ಪ್ರಕಾರ ಆ ಹೆಡ್ ಆಸೆ ಬಿಡಿ. ಪೆಟ್ರೋಲ್ ಉರಿಯೋ ಚೇಂಬರ್ ಒಳಗೇ ಮುಗಿದಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಬಹುದು.

ಮರುಪ್ರಶ್ನೆ: ಚಾಕ್ ಹಾಕಿ ನೋಡಿದೆ ಸರ್. ಅಂಚಿಗೆ ಇನ್ನೂ ಒಂದು ಬೆರಳಷ್ಟು ದೂರ ಇದೆ. ಲೇತ್ ಅಂಗಡಿಯವರಿಗೆ ಏನಂತ ಹೇಳಬೇಕು?

ಉತ್ತರ: ಒಳ್ಳೇದಾಯ್ತು. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆಯೋಕೆ ಹೇಳಿ, ಇಲ್ಲದಿದ್ದರೆ ಬಿಸಿಗೆ ಅದು ಇನ್ನೂ ಮುಂದೆ ಓಡುತ್ತೆ. ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಬುಡದವರೆಗೆ ತೋಡಬೇಕು, ಮೇಲೆ ಮೇಲೆ ತುಂಬಿಸಿದರೆ ಪ್ರಯೋಜನ ಇಲ್ಲ. ಇಷ್ಟು ವರ್ಷ ಆಯಿಲ್ ಕುಡಿದ ಅಲ್ಯುಮಿನಿಯಂ, ಹಾಗಾಗಿ ಮೊದಲು ಬಿಸಿ ಮಾಡಿ ಎಣ್ಣೆ ಹೊರಗೆ ಬರಿಸಿ, ಮತ್ತೆ ಒರೆಸಿ, 150–200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವೆಲ್ಡ್ ಮಾಡಬೇಕು. ಬಿರುಕು ತುಂಬಿಸೋ ವೆಲ್ಡಿಂಗ್ ರಾಡ್ 4043 ಕೇಳಿ, ಅದರಲ್ಲಿ ಸಿಲಿಕಾನ್ ಇರುತ್ತೆ. ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡಲ್ಲ, ಇದ್ದಕ್ಕಿದ್ದಂತೆ ಕರಗಿ ಬೀಳುತ್ತೆ. ಕೈ ಪಳಗಿದವರ ಹತ್ತಿರವೇ ಕೊಡಿ. ಕೆಲಸ ಮುಗಿದ ಮೇಲೆ ನೀರು, ಫ್ಯಾನ್ ಗಾಳಿ ಏನೂ ಬೇಡ, ಒಣ ಮರಳಲ್ಲಿ ಹೂತು ತಾನಾಗೇ ಆರಲಿ.

ಪ್ಲಗ್ ಥ್ರೆಡ್ ಹೊಸದಾಗಿ ಹಾಕಿಸಬೇಕು, 14 ಎಂಎಂ, 1.25 ಪಿಚ್. ಹೆಡ್ ಸೊಟ್ಟಗಾಗಿರುತ್ತೆ, ದಪ್ಪ ಗಾಜಿನ ಮೇಲೆ ಎಮರಿ ಹಾಳೆ ಹಾಸಿ ತಿರುಗಿಸಿ ತಿರುಗಿಸಿ ಉಜ್ಜಿ ಸಮ ಮಾಡಿ.

ಆದರೆ ಹೆಡ್ ಸುಮ್ಮನೆ ಬಿರುಕು ಬಿಡಲ್ಲ ಸರ್. ಅದಕ್ಕೆ ಕಾರಣ ಹುಡುಕದೆ ಇದನ್ನೇ ಕೂರಿಸಿದರೆ ವೆಲ್ಡ್ ಪಕ್ಕದಲ್ಲೇ ಇನ್ನೊಂದು ಬಿರುಕು. ಹಳೇ ಪ್ಲಗ್ ಯಾವ ಬಣ್ಣ ಇತ್ತು?

ಮರುಪ್ರಶ್ನೆ: ಬೂದಿ ಬಿಳಿ. ಹೊಗೆಯೂ ಕಡಿಮೆ. ಗೇರ್ ಆಯಿಲ್ ಇಳಿದಿಲ್ಲ.

ಉತ್ತರ: ಹಾಗಾದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗ್ತಿದೆ, ಅದಕ್ಕೇ ಹೆಡ್ ಅತಿಯಾಗಿ ಬಿಸಿಯಾಗ್ತಿದೆ. ಎಡಗಡೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಸುತ್ತ ಗಾಳಿ, ಆಯಿಲ್ ತಡೆಯೋ ರಿಂಗ್) ಹೋಗಿದ್ದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬರುತ್ತಿತ್ತು. ನಿಮ್ಮದರಲ್ಲಿ ಬಲಗಡೆ ಡೈನಮೋ ಹಿಂದಿನ ಸೀಲ್, ಇಲ್ಲವೇ ಕಾರ್ಬುರೇಟರ್ ಹಿಂದಿನ ಗ್ಯಾಸ್ಕೆಟ್ ಮೇಲೆ ನನಗೆ ಅನುಮಾನ. ಹೆಡ್ ಕೂರಿಸಿದ ಮೇಲೆ ಎರಡೂ ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬಿರಡೆ ಬಿಗಿದು, ಕಾರ್ಬುರೇಟರ್ ಕಡೆಯಿಂದ 5–6 ಪಿಎಸ್ಐ ಗಾಳಿ ತುಂಬಿ, ಡೈನಮೋ ಬಿಚ್ಚಿಟ್ಟು ಸೋಪ್ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಸೋರಿಕೆ. ಪಾಯಿಂಟ್ ಟೈಮಿಂಗ್ (ಪ್ಲಗ್ ಕಿಡಿ ಬೀಳೋ ಹೊತ್ತು) ಕೂಡ ನೋಡಿಸಿ, ಕಿಡಿ ಬೇಗ ಬಿದ್ದರೂ ಹೆಡ್ ಇದೇ ರೀತಿ ಬಿಸಿಯಾಗುತ್ತೆ.

ಹೆಡ್ಡಿನ ನಾಲ್ಕು ನಟ್ಟು ಒಂದೇ ಸಲ ಬಿಗಿಯಬೇಡಿ. ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ, ಮೊದಲ ಓಡಾಟದ ನಂತರ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಸೀಲ್ ಬದಲಾಯಿಸುವಾಗ ಎರಡೂ ಬದಿಯದು ಹಾಕಿಸಿಬಿಡಿ, ಹೇಗೂ ಇಂಜಿನ್ ಬಿಚ್ಚಿರುತ್ತೆ.